ಹಳೆಯ ಪ್ರಕರಣ, ಹೊಸ ದೇಶ: ಅಪರಾಧ ದಾಖಲೆ ಇರುವವರು ವಿದೇಶಕ್ಕೆ ಹೊರಡುವ ಮುನ್ನ

ವೀಸಾ ಅರ್ಜಿಯ ಹತ್ತಾರು ಪ್ರಶ್ನೆಗಳಿಗೆ ಸರಸರನೆ ಉತ್ತರ ತುಂಬುತ್ತ ಬಂದ ಕೈ ಒಂದು ಪ್ರಶ್ನೆಯ ಮುಂದೆ ನಿಂತುಬಿಡುತ್ತದೆ. ನಿಮ್ಮನ್ನು ಎಂದಾದರೂ ಬಂಧಿಸಲಾಗಿದೆಯೇ? ಯಾವುದಾದರೂ ಅಪರಾಧಕ್ಕೆ ಶಿಕ್ಷೆಯಾಗಿದೆಯೇ? ಹದಿನೈದು ವರ್ಷದ ಹಿಂದಿನ ಹೊಡೆದಾಟ, ಕುಡಿದು ವಾಹನ ಓಡಿಸಿ ಕಟ್ಟಿದ ದಂಡ, ವಿದ್ಯಾರ್ಥಿಯಾಗಿದ್ದಾಗ ಜೇಬಿನಲ್ಲಿ ಸಿಕ್ಕ ಒಂದಿಷ್ಟು ಗಾಂಜಾ: ಮನೆಯವರೂ ಮರೆತ ಸಂಗತಿ 'ಹೌದು', 'ಇಲ್ಲ' ಎಂಬ ಎರಡು ಚೌಕಗಳಾಗಿ ಎದುರು ಬಂದು ಕೂರುತ್ತದೆ. ಯಾರಿಗೆ ಗೊತ್ತಾಗುತ್ತದೆ ಎಂದು 'ಇಲ್ಲ' ಒತ್ತುವವರು ಕೆಲವರು. ಇನ್ನು ನನ್ನ ಪಾಲಿಗೆ ಬಾಗಿಲು ಮುಚ್ಚಿತು ಎಂದು ಅರ್ಜಿಯನ್ನೇ ಕೈಬಿಡುವವರು ಹಲವರು. ಈ ಎರಡನೆಯವರನ್ನು ನೆನೆದರೆ ನನಗೆ ಹೆಚ್ಚು ಸಂಕಟವಾಗುತ್ತದೆ. ಶಿಕ್ಷೆಯನ್ನು ಪೂರ್ತಿ ಮುಗಿಸಿ, ವರ್ಷಗಟ್ಟಲೆ ಮರ್ಯಾದೆಯಿಂದ ಬಾಳಿದವರು ಮಗಳ ಪದವಿ ಪ್ರದಾನಕ್ಕೆ ಹೋಗದೆ ಮನೆಯಲ್ಲೇ ಉಳಿಯುತ್ತಾರೆ. ನಿಯಮ ತೆರೆದು ನೋಡಿದ್ದರೆ ಅವರಿಗೆ ಅಡ್ಡಿಯೇ ಇರಲಿಲ್ಲ ಎಂಬುದು ತಿಳಿಯುತ್ತಿತ್ತೇನೋ.

ಈ ಮಾರ್ಗದರ್ಶಿಯ ತಿರುಳು ಇಷ್ಟೇ: ಹಳೆಯ ಅಪರಾಧಕ್ಕೆ ಹೆಚ್ಚಿನ ದೇಶಗಳ ಕಾನೂನಿನಲ್ಲಿ ಒಂದು ಅಳತೆ ಇದೆ, ಒಂದು ಅವಧಿ ಇದೆ, ವಿನಾಯಿತಿಯ ದಾರಿಯೂ ಇದೆ. ಇಂದು ಅರ್ಜಿಯಲ್ಲಿ ಹೇಳುವ ಸುಳ್ಳಿಗೆ ಅಂಥ ಕರುಣೆ ಕಡಿಮೆ.

ಹಂತ 1: ನಿಮ್ಮ ದಾಖಲೆಯನ್ನು ನೀವೇ ಮೊದಲು ಓದಿ

ನೆನಪನ್ನು ನಂಬಬೇಡಿ. ಪ್ರಕರಣ ನಡೆದ ನ್ಯಾಯಾಲಯದಿಂದ ತೀರ್ಪಿನ ಪ್ರಮಾಣೀಕೃತ ಪ್ರತಿ ತರಿಸಿಕೊಳ್ಳಿ. ತೀರ್ಪು ಕೈಗೆ ಬಂದ ಮೇಲೆ ಒಂದು ಹಾಳೆಯಲ್ಲಿ ಇವನ್ನು ಬರೆದಿಟ್ಟುಕೊಳ್ಳಿ: ಘಟನೆ ನಡೆದ ದಿನ, ತೀರ್ಪಿನ ದಿನ, ಯಾವ ಕಾಯ್ದೆಯ ಯಾವ ಕಲಂ, ಆ ಕಲಂನಡಿ ವಿಧಿಸಬಹುದಾದ ಗರಿಷ್ಠ ಶಿಕ್ಷೆ ಎಷ್ಟು, ನಿಮಗೆ ವಿಧಿಸಿದ್ದು ಎಷ್ಟು, ದಂಡ ಕಟ್ಟಿದ ದಿನ, ಪ್ರೊಬೇಷನ್ (ಜೈಲಿನ ಬದಲು ನಡತೆಯ ಮೇಲೆ ನಿಗಾ ಇಡುವ ಅವಧಿ) ಇದ್ದರೆ ಅದು ಮುಗಿದ ದಿನ.

ದಂಡದ ರಶೀದಿಯನ್ನು ಯಾರೂ ಜೋಪಾನ ಮಾಡುವುದಿಲ್ಲ. ಆದರೆ ಕೆನಡಾದಂಥ ದೇಶ ವರ್ಷಗಳನ್ನು ಎಣಿಸುವುದು ಶಿಕ್ಷೆ ಪೂರ್ತಿಯಾದ ದಿನದಿಂದ. ದಂಡ ಬಾಕಿ ಉಳಿದಿದ್ದರೆ ನಿಮ್ಮ ಗಡಿಯಾರ ಇನ್ನೂ ಓಡಲು ಶುರುವೇ ಆಗಿಲ್ಲ ಎಂದರ್ಥ. ರಶೀದಿ ಕಳೆದುಹೋಗಿದ್ದರೆ ನ್ಯಾಯಾಲಯದ ಕಚೇರಿಯಿಂದ ಪಾವತಿ ದೃಢೀಕರಣ ಪಡೆಯಿರಿ.

ಬಂಧನ, ಆರೋಪಪಟ್ಟಿ, ಶಿಕ್ಷೆ, ಖುಲಾಸೆ, ರಾಜಿ ಇವು ಐದು ಬೇರೆ ಬೇರೆ ಸಂಗತಿಗಳು. ಮಾತಿನಲ್ಲಿ ಎಲ್ಲವನ್ನೂ 'ಕೇಸು' ಎಂದುಬಿಡುತ್ತೇವೆ. ಅರ್ಜಿ ಹಾಗೆ ಕೇಳುವುದಿಲ್ಲ.

ಗರಿಷ್ಠ ಶಿಕ್ಷೆ ಏಕೆ ಮುಖ್ಯ ಎಂಬುದಕ್ಕೆ ಅಮೆರಿಕದ ಕಾನೂನು ಒಳ್ಳೆಯ ನಿದರ್ಶನ. ಅಲ್ಲಿ ಕಳವು, ವಂಚನೆಯಂಥವು ನೈತಿಕ ಅಧಃಪತನದ ಅಪರಾಧಗಳ ಪಟ್ಟಿಗೆ ಬರುತ್ತವೆ ಮತ್ತು ಪ್ರವೇಶಕ್ಕೆ ಅಡ್ಡಿಯಾಗುತ್ತವೆ. ಆದರೆ ಅಂಥದ್ದು ಒಂದೇ ಒಂದು ಇದ್ದು, ಅದಕ್ಕೆ ಕಾನೂನು ಹೇಳುವ ಗರಿಷ್ಠ ಶಿಕ್ಷೆ ಒಂದು ವರ್ಷ ಮೀರದಿದ್ದರೆ, ನಿಮಗೆ ವಿಧಿಸಿದ್ದು 6 ತಿಂಗಳು ಮೀರದಿದ್ದರೆ, ಅದು ಸಣ್ಣ ಅಪರಾಧದ ವಿನಾಯಿತಿಯಲ್ಲಿ ಸೇರುತ್ತದೆ. ನೀವು ಒಂದು ದಿನವೂ ಜೈಲಿನಲ್ಲಿ ಇರದೆ ಬರೀ ದಂಡ ಕಟ್ಟಿದ್ದರೂ, ಆ ಕಲಂಗೆ ಮೂರು ವರ್ಷದ ತನಕ ಶಿಕ್ಷೆ ಎಂದಿದ್ದರೆ ಈ ವಿನಾಯಿತಿ ಸಿಗುವುದಿಲ್ಲ. ಇನ್ನೊಂದು ಎಚ್ಚರ: ಜೈಲು ಶಿಕ್ಷೆ ವಿಧಿಸಿ ಅದನ್ನು ಅಮಾನತಿನಲ್ಲಿಟ್ಟಿದ್ದರೂ ಅಮೆರಿಕ ಮತ್ತು ಆಸ್ಟ್ರೇಲಿಯಾ ಅದನ್ನು ಪೂರ್ತಿ ಲೆಕ್ಕಕ್ಕೆ ಹಿಡಿಯುತ್ತವೆ. 'ನಾನು ಒಳಗೆ ಹೋಗಲೇ ಇಲ್ಲ' ಎಂಬ ಸಮಾಧಾನ ಅಲ್ಲಿ ನಡೆಯದು.

ಕಲಂನ ಒಂದೊಂದು ಪದಕ್ಕೂ ಬೆಲೆ ಇದೆ. ಸಂಗೀತಗಾರ ಜಾನ್ ಲೆನನ್‌ಗೆ 1968ರಲ್ಲಿ ಲಂಡನ್‌ನಲ್ಲಿ ಗಾಂಜಾ ಪ್ರಕರಣದಲ್ಲಿ ಶಿಕ್ಷೆಯಾಗಿತ್ತು. ಅದನ್ನೇ ಮುಂದಿಟ್ಟು ಅಮೆರಿಕ 1972ರಲ್ಲಿ ಗಡೀಪಾರಿಗೆ ಮುಂದಾಯಿತು. 1975ರಲ್ಲಿ ಅಲ್ಲಿನ ಮೇಲ್ಮನವಿ ನ್ಯಾಯಾಲಯ ಅವರ ಪರ ನಿಂತಿತು: ಅಂದಿನ ಬ್ರಿಟಿಷ್ ಕಾನೂನಿನಲ್ಲಿ, ವಸ್ತು ಜೊತೆಗಿದೆ ಎಂಬ ಅರಿವು ಆರೋಪಿಗೆ ಇತ್ತೇ ಎಂಬುದು ಮುಖ್ಯವೇ ಆಗಿರಲಿಲ್ಲ, ಅರಿವಿಲ್ಲದವನನ್ನೂ ದೋಷಿ ಎನ್ನುವ ಕಾನೂನಿನಡಿ ಆದ ಶಿಕ್ಷೆಯನ್ನು ಪ್ರವೇಶಕ್ಕೆ ಅಡ್ಡ ಹಿಡಿಯಲಾಗದು ಎಂದಿತು. 1976ರಲ್ಲಿ ಅವರಿಗೆ ಕಾಯಂ ವಾಸದ ಪರವಾನಗಿ ಸಿಕ್ಕಿತು. ನಿಮ್ಮ ವಕೀಲರ ಮುಂದೆ ತೀರ್ಪಿನ ಜೊತೆ ಆ ಕಾಲದ ಕಾಯ್ದೆಯ ಪಠ್ಯವನ್ನೂ ಇಡಿ.

ಪ್ರಕರಣ ಇನ್ನೂ ವಿಚಾರಣೆಯಲ್ಲಿದ್ದರೆ ಇಲ್ಲೇ ನಿಲ್ಲಿ. ಜಾಮೀನಿನ ಷರತ್ತು ಓದಿ, ದೇಶ ಬಿಡಲು ನ್ಯಾಯಾಲಯದ ಲಿಖಿತ ಅನುಮತಿ ಪಡೆಯಿರಿ. ಅನುಮತಿಯಿಲ್ಲದೆ ಹೊರಟರೆ ಸಣ್ಣ ಪ್ರಕರಣವೂ ತಲೆಮರೆಸಿಕೊಂಡ ಪ್ರಕರಣವಾಗುತ್ತದೆ.

ಹಂತ 2: ಹೋಗುವ ದೇಶದ ಅಳತೆಗೋಲು ಯಾವುದು ನೋಡಿ

ಎಲ್ಲ ದೇಶಗಳಿಗೂ ಒಂದೇ ನಿಯಮ ಎಂದುಕೊಳ್ಳುವುದು ದೊಡ್ಡ ತಪ್ಪು. ಒಂದು ದೇಶ ಶಿಕ್ಷೆಯ ತಿಂಗಳುಗಳನ್ನು ಎಣಿಸುತ್ತದೆ, ಇನ್ನೊಂದು ಅಪರಾಧದ ಬಗೆಯನ್ನು ನೋಡುತ್ತದೆ, ಮತ್ತೊಂದು ನಿಮ್ಮ ಕೃತ್ಯವನ್ನು ತನ್ನದೇ ಕಾನೂನಿಗೆ ಹಚ್ಚಿ ತೂಗುತ್ತದೆ.

ತಿಂಗಳು ಎಣಿಸುವವರಲ್ಲಿ ಬ್ರಿಟನ್, ಆಸ್ಟ್ರೇಲಿಯಾ, ನ್ಯೂಜಿಲೆಂಡ್ ಮುಖ್ಯ. ಬ್ರಿಟನ್‌ನ ನಿಯಮದಂತೆ 12 ತಿಂಗಳು ಅಥವಾ ಅದಕ್ಕಿಂತ ಹೆಚ್ಚಿನ ಜೈಲು ಶಿಕ್ಷೆಯಾಗಿದ್ದರೆ ಅರ್ಜಿ ನಿರಾಕರಣೆಯಾಗುತ್ತದೆ. ಅದಕ್ಕಿಂತ ಕಡಿಮೆ ಶಿಕ್ಷೆಯಾಗಿದ್ದು, ಸಂದರ್ಶಕರಾಗಿ ಹೋಗುವವರಾದರೆ, ಶಿಕ್ಷೆ ಮುಗಿದು 12 ತಿಂಗಳು ಕಳೆದಿರಬೇಕು. ಆಸ್ಟ್ರೇಲಿಯಾದ 1958ರ ವಲಸೆ ಕಾಯ್ದೆಯ 501ನೇ ಕಲಂನಲ್ಲಿ ಚಾರಿತ್ರ್ಯ ಪರೀಕ್ಷೆ ಎಂಬುದಿದೆ. ಒಂದೇ ಪ್ರಕರಣದಲ್ಲಾಗಲಿ, ಹಲವು ಕೂಡಿಯಾಗಲಿ 12 ತಿಂಗಳು ಅಥವಾ ಅದಕ್ಕಿಂತ ಹೆಚ್ಚಿನ ಜೈಲು ಶಿಕ್ಷೆಯಾಗಿದ್ದರೆ ಅದರಲ್ಲಿ ಅನುತ್ತೀರ್ಣರಾಗುತ್ತೀರಿ. ನ್ಯೂಜಿಲೆಂಡ್ ಎರಡು ಗೆರೆ ಎಳೆದಿದೆ: 5 ವರ್ಷ ಅಥವಾ ಅದಕ್ಕಿಂತ ಹೆಚ್ಚಿನ ಶಿಕ್ಷೆ ಎಂದಾದರೂ ಆಗಿರಬಾರದು, ಕಳೆದ 10 ವರ್ಷಗಳಲ್ಲಿ 12 ತಿಂಗಳು ಅಥವಾ ಅದಕ್ಕಿಂತ ಹೆಚ್ಚಿನ ಶಿಕ್ಷೆ ಆಗಿರಬಾರದು. ದಂಡ ಮಾತ್ರ ಕಟ್ಟಿದವರು ಈ ಮೂರೂ ದೇಶಗಳ ಲೆಕ್ಕದಲ್ಲಿ ಎಷ್ಟೋ ಹಗುರವಾಗಿ ನಿಲ್ಲುತ್ತಾರೆ.

ಜಪಾನ್ ಅಪರಾಧದ ಬಗೆ ನೋಡುತ್ತದೆ. ಸಾಮಾನ್ಯ ಅಪರಾಧಗಳಿಗೆ ಅಲ್ಲಿ ಒಂದು ವರ್ಷದ ಶಿಕ್ಷೆ ಗಡಿ. ಮಾದಕ ವಸ್ತುವಿನ ಪ್ರಕರಣವಾದರೆ ಶಿಕ್ಷೆ ಎಷ್ಟೇ ಸಣ್ಣದಿರಲಿ, ಎಷ್ಟೇ ಹಳೆಯದಿರಲಿ, ಪ್ರವೇಶವಿಲ್ಲ. ಫುಟ್‌ಬಾಲ್ ಆಟಗಾರ ಡಿಯೆಗೊ ಮರಡೋನಾಗೆ 1994ರಲ್ಲಿ ಇದೇ ಕಾರಣಕ್ಕೆ ಪ್ರವೇಶ ನಿರಾಕರಿಸಿದಾಗ ಅರ್ಜೆಂಟೀನಾ ತಂಡ ಅಲ್ಲಿನ ಪಂದ್ಯಾವಳಿಯಿಂದಲೇ ಹಿಂದೆ ಸರಿಯಿತು. 2010ರಲ್ಲಿ ಅಮೆರಿಕದ ಟಿವಿ ತಾರೆ ಪ್ಯಾರಿಸ್ ಹಿಲ್ಟನ್ ತಮ್ಮ ದೇಶದಲ್ಲಿ ಮಾದಕ ವಸ್ತು ಪ್ರಕರಣದಲ್ಲಿ ತಪ್ಪೊಪ್ಪಿಕೊಂಡ ಬೆನ್ನಿಗೇ ಜಪಾನಿನ ನರೀತಾ ವಿಮಾನ ನಿಲ್ದಾಣದಲ್ಲಿ ಇಳಿದು, ಒಳಗೆ ಬಿಡದೆ ಹಿಂದಿರುಗಬೇಕಾಯಿತು. ಹೆಸರು, ಹಣ ಯಾವುದೂ ಅಲ್ಲಿ ನೆರವಾಗಲಿಲ್ಲ.

ಕೆನಡಾದ ಲೆಕ್ಕ ಎಲ್ಲಕ್ಕಿಂತ ತೊಡಕಿನದು, ಹಾಗಾಗಿ ಸ್ವಲ್ಪ ನಿಧಾನವಾಗಿ ಓದಿ. ನಿಮ್ಮ ದೇಶದ ಕಾನೂನು ಆ ಕೃತ್ಯವನ್ನು ಏನೆಂದು ಕರೆಯಿತು ಎಂಬುದು ಅವರಿಗೆ ಮುಖ್ಯವಲ್ಲ. ಅದೇ ಕೃತ್ಯ ಕೆನಡಾದಲ್ಲಿ ನಡೆದಿದ್ದರೆ ಗರಿಷ್ಠ ಎಷ್ಟು ಶಿಕ್ಷೆ ಇರುತ್ತಿತ್ತು ಎಂದು ಕೇಳುತ್ತಾರೆ. ಅದು 10 ವರ್ಷ ಅಥವಾ ಅದಕ್ಕಿಂತ ಹೆಚ್ಚಾದರೆ ನಿಮ್ಮದು ಗಂಭೀರ ಅಪರಾಧ. ಕುಡಿದು ವಾಹನ ಓಡಿಸುವುದಕ್ಕೆ ಅಲ್ಲಿ ಗರಿಷ್ಠ 5 ವರ್ಷ ಶಿಕ್ಷೆ ಇತ್ತು. 2018ರ ಡಿಸೆಂಬರ್ 18ರಂದು ಅದನ್ನು 10 ವರ್ಷಕ್ಕೆ ಏರಿಸಿದರು. ಆ ಒಂದು ತಿದ್ದುಪಡಿಯಿಂದ, ಎಷ್ಟೋ ದೇಶಗಳಲ್ಲಿ ದಂಡ ಕಟ್ಟಿ ಮರೆತುಬಿಡುವ ತಪ್ಪು ಕೆನಡಾದ ಗಡಿಯಲ್ಲಿ ಗಂಭೀರ ಅಪರಾಧವಾಯಿತು. ಹಗುರದ ಅಪರಾಧ ಒಂದೇ ಇದ್ದರೆ, ಶಿಕ್ಷೆ ಮುಗಿದು 10 ವರ್ಷವಾದ ಬಳಿಕ ನೀವು ಸುಧಾರಿಸಿದ್ದೀರಿ ಎಂದು ಕಾನೂನೇ ಭಾವಿಸುತ್ತದೆ. ಗಂಭೀರ ಅಪರಾಧಕ್ಕೆ ಈ ತಾನಾಗಿ ಸಿಗುವ ಸೌಲಭ್ಯ ಇಲ್ಲ. ಅರ್ಜಿ ಹಾಕಿಯೇ ಪಡೆಯಬೇಕು.

ಒಂದೇ ವೀಸಾದಲ್ಲಿ ಸುತ್ತಬಹುದಾದ ಯುರೋಪಿನ ಷೆಂಗೆನ್ ದೇಶಗಳ ಅಲ್ಪಾವಧಿ ವೀಸಾದ ನಮೂನೆಯಲ್ಲಿ ಅಪರಾಧ ದಾಖಲೆಯ ಪ್ರಶ್ನೆಯೇ ಇಲ್ಲ. ಆದರೆ ಆ ದೇಶಗಳಲ್ಲಿ ಒಂದು ನಿಮ್ಮ ಹೆಸರಿನ ಮೇಲೆ ಪ್ರವೇಶ ನಿಷೇಧ ಹಾಕಿದ್ದರೆ ಅದು ಸಾಮಾನ್ಯ ಮಾಹಿತಿ ವ್ಯವಸ್ಥೆಯ ಮೂಲಕ ಉಳಿದೆಲ್ಲ ದೇಶಗಳಿಗೂ ಕಾಣುತ್ತದೆ. ವೀಸಾ ಬೇಡದ ದೇಶಗಳ ಪ್ರವಾಸಿಗರಿಗಾಗಿ ಯುರೋಪಿಯನ್ ಒಕ್ಕೂಟ 2018ರಲ್ಲಿ ರೂಪಿಸಿದ, ಹೊರಡುವ ಮೊದಲೇ ಅನುಮತಿ ಪಡೆಯಬೇಕೆನ್ನುವ ಎಟಿಯಾಸ್ ನಿಯಮದಲ್ಲಿ ಮಾತ್ರ, ಕಳೆದ 10 ವರ್ಷಗಳ ನಿರ್ದಿಷ್ಟ ಗಂಭೀರ ಅಪರಾಧಗಳನ್ನೂ 20 ವರ್ಷಗಳ ಭಯೋತ್ಪಾದನಾ ಅಪರಾಧಗಳನ್ನೂ ಕೇಳಬೇಕೆಂದಿದೆ.

ನಿಯಮಗಳು ಬದಲಾಗುತ್ತಲೇ ಇರುತ್ತವೆ. ಅತ್ಯಾಚಾರ ಪ್ರಕರಣದಲ್ಲಿ ಶಿಕ್ಷೆ ಅನುಭವಿಸಿದ್ದ ಬಾಕ್ಸರ್ ಮೈಕ್ ಟೈಸನ್ 2000ದಲ್ಲಿ ಬ್ರಿಟನ್‌ಗೆ ಹೋಗಿ ಕಾದಾಡಿ ಬಂದಿದ್ದರು. 2013ರಲ್ಲಿ ಪುಸ್ತಕ ಪ್ರಚಾರಕ್ಕೆ ಹೊರಟಾಗ ಬಾಗಿಲು ಮುಚ್ಚಿತ್ತು. ನಡುವೆ, 2012ರಲ್ಲಿ, ನಿಯಮ ಬಿಗಿಯಾಗಿತ್ತು. ಹಿಂದೊಮ್ಮೆ ಹೋಗಿ ಬಂದಿದ್ದೇನೆ ಎಂಬ ಧೈರ್ಯದಲ್ಲಿ ಟಿಕೆಟ್ ಕೊಳ್ಳಬೇಡಿ. ಆ ದೇಶದ ವಲಸೆ ಇಲಾಖೆಯ ಅಧಿಕೃತ ಜಾಲತಾಣದಲ್ಲಿ ಇಂದಿನ ನಿಯಮವನ್ನು ಇಂದೇ ಓದಿ.

ಹಂತ 3: ನಡುದಾರಿಯ ವಿಮಾನ ನಿಲ್ದಾಣವನ್ನೂ ಲೆಕ್ಕಕ್ಕೆ ಹಿಡಿಯಿರಿ

ಇದನ್ನು ಬಹಳ ಜನ ಮರೆಯುತ್ತಾರೆ. ಅಮೆರಿಕದಲ್ಲಿ ಬರೀ ವಿಮಾನ ಬದಲಿಸುವುದಕ್ಕೂ ವಲಸೆ ತಪಾಸಣೆ ದಾಟಿ ಒಳಗೆ ಬರಲೇಬೇಕು. ಅದಕ್ಕೆ ಟ್ರಾನ್ಸಿಟ್ ವೀಸಾ ಅಥವಾ ಎಸ್ಟಾ (ವೀಸಾ ಬೇಡದ ದೇಶಗಳ ಪ್ರಜೆಗಳು ಆನ್‌ಲೈನ್‌ನಲ್ಲಿ ಪಡೆಯುವ ಪ್ರಯಾಣದ ಅನುಮತಿ) ಬೇಕು, ಅದರಲ್ಲಿ ಅಪರಾಧದ ಪ್ರಶ್ನೆಯೂ ಬರುತ್ತದೆ. ಹೋಗಬೇಕಾದ ದೇಶಕ್ಕೆ ತೊಂದರೆಯಿಲ್ಲದಿದ್ದರೂ ಮೂರು ಗಂಟೆಯ ನಿಲುಗಡೆಯಲ್ಲಿ ಸಿಕ್ಕಿಬೀಳಬಹುದು. ಸ್ವಲ್ಪ ಹೆಚ್ಚು ದುಡ್ಡು ಕೊಟ್ಟಾದರೂ ಬೇರೆ ದಾರಿಯ ಟಿಕೆಟ್ ಹಿಡಿಯುವುದು ವಾಸಿ.

ಹಂತ 4: ಕೇಳಿದ್ದೇನು ಎಂದು ಪದ ಪದ ಓದಿ, ಅದಕ್ಕೇ ಉತ್ತರಿಸಿ

ಒಂದೇ ದೇಶದ ಎರಡು ನಮೂನೆಗಳು ಎರಡು ಬೇರೆ ಪ್ರಶ್ನೆ ಕೇಳುತ್ತವೆ. ಅಮೆರಿಕದ ಎಸ್ಟಾ ಕೇಳುವುದು ಆಸ್ತಿಗೆ ಗಂಭೀರ ಹಾನಿ, ಇನ್ನೊಬ್ಬರಿಗೆ ಅಥವಾ ಸರ್ಕಾರಿ ಅಧಿಕಾರಿಗೆ ಗಂಭೀರ ಪೆಟ್ಟು ಆದ ಅಪರಾಧಕ್ಕೆ ಬಂಧನ ಅಥವಾ ಶಿಕ್ಷೆ ಆಗಿದೆಯೇ ಎಂದು. ಮಾದಕ ವಸ್ತುವಿಗೆ ಬೇರೆ ಪ್ರಶ್ನೆ ಇದೆ. ಅದೇ ದೇಶದ ಡಿಎಸ್-160 ವೀಸಾ ನಮೂನೆ ಕೇಳುವುದು ಯಾವುದೇ ಅಪರಾಧಕ್ಕೆ ಎಂದಾದರೂ ಬಂಧನ ಅಥವಾ ಶಿಕ್ಷೆ ಆಗಿದೆಯೇ, ಕ್ಷಮಾದಾನ ಸಿಕ್ಕಿದ್ದರೂ ಹೇಳಿ ಎಂದು. ಎರಡನೆಯದರಲ್ಲಿ ಖುಲಾಸೆಯಾದವರೂ ಬಂಧನವಾಗಿದ್ದರೆ 'ಹೌದು' ಎನ್ನಬೇಕು. 'ಹೌದು' ಎಂದ ಮಾತ್ರಕ್ಕೆ ವೀಸಾ ಹೋಯಿತು ಎಂದಲ್ಲ. ಖುಲಾಸೆಯ ಆದೇಶ ಜೊತೆಗಿಟ್ಟರೆ ಅಧಿಕಾರಿ ಅದನ್ನು ಓದುತ್ತಾರೆ.

'ನನ್ನ ದಾಖಲೆ ಅಳಿಸಿಹೋಗಿದೆ' ಎಂಬ ಮಾತು ಇಲ್ಲೇ ಎಡವುತ್ತದೆ. ಹಲವು ದೇಶಗಳು ನಿರ್ದಿಷ್ಟ ವರ್ಷಗಳ ಬಳಿಕ ಹಳೆಯ ಶಿಕ್ಷೆಯನ್ನು ಮುಚ್ಚಿಡುತ್ತವೆ, ಉದ್ಯೋಗದ ಅರ್ಜಿಯಲ್ಲಿ ಹೇಳಬೇಕಿಲ್ಲ ಎನ್ನುತ್ತವೆ. ಆ ರಕ್ಷಣೆ ಆ ದೇಶದೊಳಗೆ ಮಾತ್ರ. ಬ್ರಿಟನ್‌ನಲ್ಲಿ 1974ರಿಂದ ಅಂಥ ಪುನರ್ವಸತಿ ಕಾಯ್ದೆ ಇದೆ, ಆದರೂ ಅದರ ವಲಸೆ ನಿರ್ಧಾರಗಳಿಗೇ ಅದು ಅನ್ವಯಿಸುವುದಿಲ್ಲ. ಬೇರೆ ದೇಶ ಕೊಟ್ಟ ಕ್ಷಮಾದಾನವನ್ನು ಅಮೆರಿಕದ ವಲಸೆ ಕಾನೂನು ಒಪ್ಪುವುದಿಲ್ಲ.

ಶಿಕ್ಷೆಯೇ ಆಗದಿದ್ದರೂ ನಿಮ್ಮ ಬಾಯಿಮಾತೇ ಪ್ರವೇಶಕ್ಕೆ ಅಡ್ಡಿಯಾಗಬಲ್ಲ ಸಂದರ್ಭ ಒಂದಿದೆ. ಬ್ರಿಟನ್‌ನ ಅಡುಗೆ ಬರಹಗಾರ್ತಿ ನೈಜೆಲಾ ಲಾಸನ್ 2013ರಲ್ಲಿ ಬೇರೊಬ್ಬರ ವಿಚಾರಣೆಯಲ್ಲಿ ಸಾಕ್ಷಿ ನುಡಿಯುತ್ತ, ಹಿಂದೆ ಮಾದಕ ವಸ್ತು ಬಳಸಿದ್ದನ್ನು ಒಪ್ಪಿಕೊಂಡರು. ಅವರ ಮೇಲೆ ಮೊಕದ್ದಮೆಯೇ ಇರಲಿಲ್ಲ. 2014ರ ಮಾರ್ಚ್‌ನಲ್ಲಿ ಅಮೆರಿಕದ ವಿಮಾನ ಹತ್ತಲು ಹೋದಾಗ ಅವರನ್ನು ತಡೆಯಲಾಯಿತು. ಗಾಂಜಾ ಕಾನೂನುಬದ್ಧವಾಗಿರುವ ದೇಶದಿಂದ ಬಂದವರಿಗೂ ಇದೇ ಅಪಾಯ ಇದೆ, ಏಕೆಂದರೆ ಅಮೆರಿಕದ ಒಕ್ಕೂಟ ಕಾನೂನಿನಲ್ಲಿ ಅದು ಇನ್ನೂ ಅಪರಾಧ.

ಇನ್ನು ಸುಳ್ಳಿನ ಬೆಲೆ. ಅರ್ಜಿಯಲ್ಲಿ ವಂಚನೆ ಮಾಡಿದರೆ ಬ್ರಿಟನ್ 10 ವರ್ಷದ ತನಕ ನಿಷೇಧಿಸಬಹುದು. ಕೆನಡಾದಲ್ಲಿ 5 ವರ್ಷ, ಆಸ್ಟ್ರೇಲಿಯಾದಲ್ಲಿ 3 ವರ್ಷ. ಅಮೆರಿಕದಲ್ಲಿ ಜೀವಮಾನದುದ್ದಕ್ಕೂ, ವಿನಾಯಿತಿ ಸಿಕ್ಕರೆ ಮಾತ್ರ ಬಿಡುಗಡೆ. ಮುಚ್ಚಿಟ್ಟ ಸಂಗತಿ ಎಷ್ಟು ಸಣ್ಣದಿತ್ತು ನೋಡಿ: ದಂಡ ಕಟ್ಟಿ ಮುಗಿಸಿದ ಹೊಡೆದಾಟಕ್ಕೆ ಬ್ರಿಟನ್ ಒಂದು ವರ್ಷ ಕಾಯಿಸುತ್ತಿತ್ತು, ಅದನ್ನು ಮುಚ್ಚಿಟ್ಟಿದ್ದಕ್ಕೆ ಹತ್ತು ವರ್ಷ. ಬೆರಳಚ್ಚು, ವಿಮಾನ ಏರುವ ಮೊದಲೇ ರವಾನೆಯಾಗುವ ಪ್ರಯಾಣಿಕರ ವಿವರ, ದೇಶ ದೇಶಗಳ ನಡುವೆ ಹಂಚಿಕೆಯಾಗುವ ಪೊಲೀಸ್ ಮಾಹಿತಿ ಇವೆಲ್ಲ ಇರುವಾಗ 'ಯಾರಿಗೆ ಗೊತ್ತಾಗುತ್ತದೆ' ಎಂಬುದು ಬಹಳ ದುಬಾರಿ ಜೂಜು.

ಹಂತ 5: ಅಡ್ಡಿ ಇದ್ದರೆ ವಿನಾಯಿತಿ ಕೇಳಿ

ಕೆನಡಾ ಎರಡು ದಾರಿ ಕೊಡುತ್ತದೆ. ತುರ್ತು ಅಥವಾ ಒಂದು ನಿರ್ದಿಷ್ಟ ಭೇಟಿಗೆ ತಾತ್ಕಾಲಿಕ ನಿವಾಸ ಪರವಾನಗಿ; ಅದು ಗರಿಷ್ಠ 3 ವರ್ಷದವರೆಗೆ. ಶಿಕ್ಷೆ ಮುಗಿದು 5 ವರ್ಷವಾಗಿದ್ದರೆ ಪುನರ್ವಸತಿ ಅರ್ಜಿ, ಅಂದರೆ ನೀವು ಸುಧಾರಿಸಿದ್ದೀರಿ ಎಂದು ಒಪ್ಪಬೇಕೆಂಬ ಕೋರಿಕೆ. ಅದು ಒಪ್ಪಿಗೆಯಾದರೆ ಆ ಅಪರಾಧದ ಅಡ್ಡಿ ಕಾಯಂ ಆಗಿ ನಿವಾರಣೆಯಾಗುತ್ತದೆ. ಐದು ವರ್ಷ ದಾಟಿದವರು ಎರಡನೆಯದನ್ನೇ ಹಿಡಿಯಬೇಕು ಎಂಬುದು ನನ್ನ ಗಟ್ಟಿ ಸಲಹೆ. ಪ್ರತಿ ಭೇಟಿಗೂ ಪರವಾನಗಿ ಬೇಡುತ್ತ ಕೂರುವುದಕ್ಕಿಂತ ಒಮ್ಮೆ ಪೂರ್ತಿ ಬಗೆಹರಿಸಿಕೊಳ್ಳುವುದು ಲೇಸು.

ಅಮೆರಿಕದಲ್ಲಿ ಪ್ರವಾಸಿಗರಿಗೂ ವಿನಾಯಿತಿ ಇದೆ, ಮಾದಕ ವಸ್ತುವಿನ ಪ್ರಕರಣಕ್ಕೂ ಇದೆ. ಅಲ್ಲಿನ ವಲಸೆ ಮೇಲ್ಮನವಿ ಮಂಡಳಿ 1978ರಲ್ಲಿ ಕೊಟ್ಟ ತೀರ್ಪಿನ ಮೂರು ಮಾನದಂಡಗಳೇ ಇಂದಿಗೂ ನಡೆಯುತ್ತಿವೆ: ಇವರನ್ನು ಬಿಟ್ಟುಕೊಂಡರೆ ಸಮಾಜಕ್ಕೆ ಅಪಾಯವೆಷ್ಟು, ಹಿಂದಿನ ತಪ್ಪು ಎಷ್ಟು ಗಂಭೀರ, ಬರುವ ಕಾರಣವೇನು. ಆ ಕಾರಣ ಅನಿವಾರ್ಯವಾದದ್ದೇ ಆಗಿರಬೇಕಿಲ್ಲ ಎಂದೂ ಆ ತೀರ್ಪು ಹೇಳುತ್ತದೆ. ತಂಗಿಯನ್ನು ನೋಡಬೇಕು ಎಂಬುದೂ ಕಾರಣವೇ.

ಇವೆಲ್ಲ ತಿಂಗಳುಗಟ್ಟಲೆ ಹಿಡಿಯುವ ಕೆಲಸ. ಮುಂದಿನ ವಾರದ ಪ್ರಯಾಣಕ್ಕೆ ಇಂದು ಅರ್ಜಿ ಹಾಕಿ ಫಲವಿಲ್ಲ. ಹಣ ಮರಳಿ ಬಾರದ ಟಿಕೆಟ್ ಅನ್ನಂತೂ ಮುಟ್ಟಲೇಬೇಡಿ. ಶಿಕ್ಷೆ ಒಂದಕ್ಕಿಂತ ಹೆಚ್ಚಿದ್ದರೆ, ಮಾದಕ ವಸ್ತು ಅಥವಾ ಲೈಂಗಿಕ ಅಪರಾಧವಾಗಿದ್ದರೆ, ಹೋಗುವ ದೇಶದ ವಲಸೆ ಕಾನೂನು ಬಲ್ಲ ಪರವಾನಗಿ ಪಡೆದ ವಕೀಲರ ಹತ್ತಿರವೇ ಹೋಗಿ. 'ಖಚಿತವಾಗಿ ಮಾಡಿಸಿಕೊಡುತ್ತೇನೆ' ಎನ್ನುವ, ಆ ಪ್ರಶ್ನೆಗೆ 'ಇಲ್ಲ' ಎಂದು ಬರೆಯಿರಿ ಎನ್ನುವ ದಲ್ಲಾಳಿಯ ಎದುರಿನಿಂದ ಎದ್ದು ಬನ್ನಿ. ಅರ್ಜಿಯ ಕೆಳಗಿನ ಸಹಿ ನಿಮ್ಮದು, ನಿಷೇಧವೂ ನಿಮಗೇ.

ಹಂತ 6: ಕಡತ ಮತ್ತು ವಿವರಣೆಯ ಪತ್ರ

ತೀರ್ಪಿನ ಪ್ರತಿ, ಪ್ರಮಾಣೀಕೃತ ಅನುವಾದ, ದಂಡದ ರಶೀದಿ, ಇತ್ತೀಚಿನ ಪೊಲೀಸ್ ಪ್ರಮಾಣಪತ್ರ, ಉದ್ಯೋಗದ ಪತ್ರ, ಮರಳಿ ಬರುವಿರಿ ಎಂದು ತೋರಿಸುವ ಕಾಗದಗಳು. ಅನುವಾದವನ್ನು ನೀವೇ ಕುಳಿತು ಓದಿ. 'ಆರೋಪದಿಂದ ಬಿಡುಗಡೆ' ಎಂಬುದು 'ಜೈಲಿನಿಂದ ಬಿಡುಗಡೆ' ಎಂದಾಗಿಬಿಟ್ಟರೆ ಇಡೀ ಅರ್ಜಿ ತಲೆಕೆಳಗಾಗುತ್ತದೆ.

ಎಲ್ಲಕ್ಕಿಂತ ಹೆಚ್ಚು ಕೆಲಸ ಮಾಡುವುದು ಒಂದು ಪುಟದ ಪತ್ರ. ಜನ ಅದನ್ನು ಹೀಗೆ ಬರೆಯುತ್ತಾರೆ: 'ಆಗ ನನಗೆ ತಿಳಿವಳಿಕೆ ಇರಲಿಲ್ಲ. ಕೆಟ್ಟ ಸಹವಾಸದಿಂದ ಹೀಗಾಯಿತು. ನಿಜವಾಗಿ ತಪ್ಪು ನನ್ನದಲ್ಲ. ದಯವಿಟ್ಟು ಕ್ಷಮಿಸಿ ವೀಸಾ ಕೊಡಿ.' ಈ ಪತ್ರದಲ್ಲಿ ಅಧಿಕಾರಿಗೆ ಹಿಡಿಯಲು ಒಂದು ಸಂಗತಿಯೂ ಸಿಗುವುದಿಲ್ಲ. ತಪ್ಪು ಯಾರದ್ದು ಎಂದು ನ್ಯಾಯಾಲಯ ಆಗಲೇ ಹೇಳಿದೆ. ಅದರ ಜೊತೆ ಜಗಳವಾಡುವವರು ಬದಲಾಗಿಲ್ಲ ಎಂದೇ ಓದುವವರಿಗೆ ಅನಿಸುತ್ತದೆ.

ಊಹೆಯ ಪ್ರಕರಣವೊಂದಕ್ಕೆ ನಾನಾದರೆ ಹೀಗೆ ಬರೆಯುತ್ತೇನೆ: '2011ರ ಮಾರ್ಚ್‌ನಲ್ಲಿ ವಾಹನ ನಿಲ್ಲಿಸುವ ವಿಚಾರಕ್ಕೆ ನಡೆದ ಜಗಳದಲ್ಲಿ ನಾನು ಒಬ್ಬರ ಮುಖಕ್ಕೆ ಹೊಡೆದೆ. ಅವರ ತುಟಿ ಒಡೆದು ಮೂರು ಹೊಲಿಗೆ ಹಾಕಬೇಕಾಯಿತು. ನಾನು ತಪ್ಪೊಪ್ಪಿಕೊಂಡೆ. ನ್ಯಾಯಾಲಯ ದಂಡ ವಿಧಿಸಿತು. ಅದೇ ತಿಂಗಳು ಕಟ್ಟಿದೆ, ರಶೀದಿ 3ನೇ ಪುಟದಲ್ಲಿದೆ. ಆ ಬಳಿಕ ನನ್ನ ಮೇಲೆ ಯಾವ ಪ್ರಕರಣವೂ ದಾಖಲಾಗಿಲ್ಲ, ಪೊಲೀಸ್ ಪ್ರಮಾಣಪತ್ರ 4ನೇ ಪುಟದಲ್ಲಿದೆ. ಈಗ ಒಂಬತ್ತು ವರ್ಷದಿಂದ ಒಂದೇ ಸಂಸ್ಥೆಯಲ್ಲಿ ಕೆಲಸ ಮಾಡುತ್ತಿದ್ದೇನೆ. ತಂಗಿಯ ಮನೆಯಲ್ಲಿ 12 ದಿನ ಇದ್ದು ಮರಳುತ್ತೇನೆ.' ಹೊಲಿಗೆಯ ಮಾತು ಬರೆಯಲು ಕೈ ಹಿಂಜರಿಯುತ್ತದೆ, ಗೊತ್ತು. ಆದರೆ ತೀರ್ಪಿನಲ್ಲಿ ಅದು ಇದ್ದೇ ಇದೆ. ಅಧಿಕಾರಿ ಅಲ್ಲಿ ಓದುವ ಮೊದಲು ನಿಮ್ಮ ಪತ್ರದಲ್ಲೇ ಓದಲಿ.

ಹಂತ 7: ಗಡಿಯಲ್ಲಿ

ವೀಸಾ ಸಿಕ್ಕಿದ್ದರೂ ಒಳಬಿಡುವ ಕೊನೆಯ ಮಾತು ಕೌಂಟರ್‌ನ ಅಧಿಕಾರಿಯದು. ಕಡತವನ್ನು ಕೈಚೀಲದಲ್ಲಿಡಿ, ಲಗೇಜಿಗೆ ಹಾಕಿದರೆ ಬೇಕಾದಾಗ ಕೈಗೆ ಸಿಗುವುದಿಲ್ಲ. ಪಕ್ಕದ ಕೋಣೆಗೆ ಕರೆದರೆ ಗಾಬರಿಯಾಗಬೇಡಿ, ದಾಖಲೆ ಇರುವವರನ್ನು ಹಾಗೆ ಕರೆಯುವುದು ಸಾಮಾನ್ಯ. ಮೂರು ಗಂಟೆ ಕಾಯಬೇಕಾಗಬಹುದು, ಮುಂದಿನ ವಿಮಾನವನ್ನು ಆ ಅಂತರ ಬಿಟ್ಟೇ ಹಿಡಿಯಿರಿ. ಕೇಳಿದ್ದಕ್ಕೆ ಚಿಕ್ಕದಾಗಿ, ಅರ್ಜಿಯಲ್ಲಿ ಬರೆದಂತೆಯೇ ಉತ್ತರಿಸಿ. ಭಾಷೆ ಅರ್ಥವಾಗದಿದ್ದರೆ ದುಭಾಷಿಯನ್ನು ಕೇಳಿ. ಅರ್ಥವಾಗದ ಕಾಗದಕ್ಕೆ ಸಹಿ ಹಾಕಬೇಡಿ.

ನಿರಾಕರಿಸಿದರೆ ಕಾರಣವನ್ನು ಲಿಖಿತವಾಗಿ ಕೇಳಿ ಪಡೆಯಿರಿ. ಅಮೆರಿಕದಲ್ಲಿ ಕೆಲವೊಮ್ಮೆ ಪ್ರವೇಶದ ಕೋರಿಕೆಯನ್ನು ನೀವೇ ಹಿಂಪಡೆದು ಮರಳಲು ಅಧಿಕಾರಿ ಅವಕಾಶ ಕೊಡುತ್ತಾರೆ. ತಕ್ಷಣದ ಗಡೀಪಾರಿನ ಆದೇಶ ಬಂದರೆ ಸಾಮಾನ್ಯವಾಗಿ 5 ವರ್ಷದ ನಿಷೇಧ ಬೆನ್ನಿಗೆ ಅಂಟುತ್ತದೆ, ಆದ್ದರಿಂದ ಹಿಂಪಡೆಯುವ ಅವಕಾಶ ಇದೆಯೇ ಎಂದು ವಿನಯದಿಂದ ಕೇಳಿ ನೋಡಿ.

ಮನೆಗೆ ಬಂದ ಮೇಲೆ ಆ ನಿರಾಕರಣೆಯ ಪತ್ರವನ್ನು ಅದೇ ಕಡತದಲ್ಲಿ, ತೀರ್ಪಿನ ಹಿಂದೆ ಸೇರಿಸಿಡಿ. ಮುಂದಿನ ಅರ್ಜಿಯಲ್ಲಿ 'ಯಾವುದಾದರೂ ದೇಶ ನಿಮಗೆ ವೀಸಾ ಅಥವಾ ಪ್ರವೇಶ ನಿರಾಕರಿಸಿದೆಯೇ' ಎಂಬ ಪ್ರಶ್ನೆ ಬರುತ್ತದೆ. ಅಲ್ಲಿ 'ಹೌದು' ಎಂದು ಬರೆದು, ದಿನಾಂಕವನ್ನೂ ಕಾರಣವನ್ನೂ ಆ ಪತ್ರ ನೋಡಿಯೇ ತುಂಬಬೇಕು.